ಗಬ್ಬೂರಿಗೆ ಮನೆ ನೋಡಲು

ಹಳೇ ಹುಬ್ಬಳ್ಳಿ
20 ನವೆಂಬರ್ 2023

ಸುಲಭಾ,

ಇಲ್ಲಿ ಎಲ್ಲರೂ ಉಂಡು ತಿಂದು ದಪ್ಪಗಾಗಿದ್ದಾರೆ. ಕ್ಷೇಮ ಸಮಾಚಾರ ಇಷ್ಟಕ್ಕೇ ಮುಗಿಯಿತು.

ನಿನಗೆ ಕಿವಿ ಕೇಳದಂತಾದ ಮೇಲೆ ನನಗೊಂದು ಉಪಕಾರವಾಗಿದೆ. ಮೊದಲು ನಿನ್ನೊಂದಿಗೆ ಫೋನಿನಲ್ಲಿ ಮಾತಾಡಲು ಕುಳಿತರೆ ಸೊಸೆ ಸ್ಪೀಕರ್ ಹಚ್ಚುತ್ತಿದ್ದಳು, ಮನೆಯವರೆಲ್ಲ ಸುತ್ತ ಕುಳಿತು ಕೇಳುತ್ತಿದ್ದರು. ಪತ್ರಕ್ಕೆ ಸ್ಪೀಕರ್ ಇಲ್ಲ.

ದೀಪಾವಳಿಗೆ ನೀನು ಕಳಿಸಿದ ಕುಪ್ಪಸದ ಖಣ ಬಂದು ಮುಟ್ಟಿತು. ನೀಲಿ ಬೇಕೆಂದು ಬರೆದಿದ್ದೆ, ಹಸಿರು ಕಳಿಸಿದ್ದೀ. ಸೊಲ್ಲಾಪುರದ ಅಂಗಡಿಯವರು ನಿನಗೆ ಮೋಸ ಮಾಡುವುದು ಇದು ಮೊದಲ ಸಲವೇನಲ್ಲ. ಸೊಸೆಗೆ ಕೊಟ್ಟುಬಿಟ್ಟೆ. ಅವಳಿಗೆ ಯಾವುದಾದರೂ ನಡೆಯುತ್ತದೆ.

ಹುಡುಗರ ಸುದ್ದಿ ಕೇಳಿದ್ದೀ. ಬೆಳೆಯುತ್ತಿದ್ದಾರೆ. ಬೇರೇನೂ ಮಾಡುತ್ತಿಲ್ಲ. ಮೊನ್ನೆ ಸಣ್ಣ ಮೊಮ್ಮಗಳು ಸಾನ್ವಿ ನನ್ನ ಪಕ್ಕಕ್ಕೆ ಬಂದು ನಿಂತು, ನನ್ನ ತಲೆಯ ಮೇಲೆ ಅಂಗೈ ಅಡ್ಡ ಹಿಡಿದು, "ಆಯಿ, ನೀ ದಿನಾ ಸಣ್ಣಾಕಿ ಆಗಾಕತ್ತಿ ನೋಡ," ಎಂದಳು. ಅವಳಿಗಿನ್ನೂ ಹದಿಮೂರು. "ನಾ ಸಣ್ಣಾಕಿ ಆಗಿಲ್ಲ, ನೀ ಬಿದಿರಿನಂಗ ಬೆಳದಿ. ಒಳಗ ಟೊಳ್ಳು," ಎಂದೆ. ಕಿಲಕಿಲ ನಕ್ಕಳು. ಹೋದ ವರ್ಷ ಇದೇ ಮಾತಿಗೆ ಅಳುತ್ತಿದ್ದಳು.

ಹನಮೇಶ ನನ್ನನ್ನು ಭಾಂಡೆ ಅಂಗಡಿಯಿಂದ ಹೊರಗೆ ಹಾಕುವ ಉಪಾಯದಲ್ಲಿದ್ದಾನೆ. ಮದುವೆಯ ಪಾತ್ರೆ ಭಾಂಡೆಗಳ ಮೇಲೆ ಹೆಸರು ಕೊರೆಯುವುದು ಇವನ ಅಪ್ಪ ಹೋದಂದಿನಿಂದ ನನ್ನ ಕೆಲಸ. ಈಗ "ಅವ್ವಾ, ಮಷೀನ್ ಶಾಕ್ ಹೊಡ್ಯಾಕತ್ತೈತಿ, ನೀ ಮುಟ್ಟಬ್ಯಾಡ," ಎನ್ನುತ್ತಾನೆ. ತಾನು ಮುಟ್ಟಿದರೆ ಹೊಡೆಯುವುದಿಲ್ಲ, ನಾನು ಮುಟ್ಟಿದರೆ ಹೊಡೆಯುತ್ತದೆ. ಮಗನಂತೆ ಮಷೀನಿಗೂ ಬುದ್ಧಿ ಬಂದಿದೆ.

ಈಗ ಮುಖ್ಯ ವಿಷಯ. ದೊಡ್ಡ ಮೊಮ್ಮಗಳು ಗೀತಾಂಜಲಿಗೆ ಒಂದು ಸಂಬಂಧ ಬಂದಿದೆ. ಗಬ್ಬೂರಿನ ಗಿರಿಯಪ್ಪ ಮಾಸ್ತರರ ಎರಡನೇ ಮಗ, ಮುತ್ತು. ಐಟಿಐಯಲ್ಲಿ ಪಾಠ ಹೇಳುತ್ತಾನಂತೆ. ಯಾರದೋ ಮದುವೆಯಲ್ಲಿ ಇಬ್ಬರೂ ಮಾತಾಡಿ ಒಪ್ಪಿಕೊಂಡು, ಆಮೇಲೆ ನಮಗೆ ತಿಳಿಸಿದ್ದಾರೆ. ನಮ್ಮ ಕಾಲದಲ್ಲಿ ಲಗ್ನಪತ್ರಿಕೆ ಹಂಚುವ ಮುಂಚೆಯಾದರೂ ಹಿರಿಯರಿಗೆ ಹೇಳುತ್ತಿದ್ದರು, ಈಗ ಅಷ್ಟೂ ಇಲ್ಲ ಎಂದೆ. ಆದರೆ ಗೀತಾ ಒಂದು ಮಾತು ಹೇಳಿದಳು. "ಆಯಿ ಮನಿ ನೋಡಿ ಬರ್ಲಿ. ಆಯಿ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ." ಎಲ್ಲರ ಎದುರು ಹೇಳಿದಳು. ಆ ಹುಡುಗಿಯಲ್ಲಿ ಮಾತ್ರ ನನ್ನ ರಕ್ತ ಸ್ವಲ್ಪ ಉಳಿದಿದೆ.

ನಿನಗೆ ಗೊತ್ತಿದೆ. ಗಂಡ ಸತ್ತವಳೆಂದು ಆರತಿಗೆ ನನ್ನನ್ನು ಕರೆಯದ ಜನ, ಹೆಣ್ಣು ಕೊಡುವ ಮೊದಲು ಮನೆ ನೋಡಲು ನನ್ನನ್ನೇ ಕರೆಯುತ್ತಾರೆ. ಅಕ್ಷತೆ ಹಾಕುವಾಗ ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. ನಿಲ್ಲಿಸಲಿ. ಆ ಅಕ್ಷತೆ ಬೀಳಬೇಕೋ ಬೇಡವೋ ಎಂದು ಮೊದಲೇ ಹೇಳಿದವಳು ನಾನು. ನಮ್ಮ ಬೀಗರು ನೆಂಟರಲ್ಲಿ ನಾನು ನೋಡದೆ ಒಂದು ಹೆಣ್ಣೂ ಹೊಸಿಲು ದಾಟಿಲ್ಲ.

ಸಾವಕ್ಕ


ಸೊಲ್ಲಾಪುರ
2 ಡಿಸೆಂಬರ್ 2023

ಅಕ್ಕಾ,

ಪತ್ರ ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೊಸೆ ಓಡಿಬಂದು ಯಾರು ಸತ್ತರು ಎಂದು ಸನ್ನೆ ಮಾಡಿ ಕೇಳಿದಳು.

ಇಲ್ಲಿಯೂ ಅದೇ ಕತೆ. ನನ್ನ ಮೊಮ್ಮಗ ಗಡ್ಡ ಹೆರೆದುಕೊಳ್ಳಲು ಶುರುಮಾಡಿದ್ದಾನೆ. ಇರುವುದು ನಾಲ್ಕು ಕೂದಲು, ಹಚ್ಚುವ ನೊರೆ ಒಂದು ಬೋಗುಣಿ. ನನಗಂತೂ ನೋಡಲು ಚೆಂದ. ನನ್ನ ಕಿವಿಗೆ ಮಷೀನ್ ತಂದುಕೊಟ್ಟವನೂ ಅವನೇ. ಹಾಕಿಕೊಂಡರೆ ಸೊಸೆಯ ಮಾತು ಸೀಟಿ ಊದಿದಂತೆ ಕೇಳುತ್ತದೆ, ಆದ್ದರಿಂದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವನು ಬಂದಾಗ ಮಾತ್ರ ಹಾಕಿಕೊಳ್ಳುತ್ತೇನೆ.

ಖಣ ನೀಲಿಯದೇ ಅಕ್ಕಾ. ಅಂಗಡಿಯಿಂದ ಹೊರಗೆ ಬಿಸಿಲಿಗೆ ತಂದು, ತಿರುಗಿಸಿ ಮುರುಗಿಸಿ ನೋಡಿ ಕೊಂಡದ್ದು. ಇರಲಿ, ಸೊಸೆ ತೊಟ್ಟರೂ ಮನೆಯಲ್ಲೇ ಇರುತ್ತದೆ.

ಇನ್ನೊಂದು ಮಾತು. ಸಿಟ್ಟಾಗಬೇಡ. ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಮೂರು ಊರಿನ ಸುದ್ದಿ ತುಂಬಿಸಿ, ಅಂಟಿಸುವ ಅಂಚಿನ ಮೇಲೂ ಬರೆಯುತ್ತಿದ್ದವಳು ನೀನು. ಈಗ ನಾಲ್ಕು ಹಾಳೆ ಕಳಿಸಿದ್ದೀ. ಅಕ್ಷರ ದಪ್ಪವಾಗಿವೆ. ಸಾಲುಗಳು ಗುಡ್ಡ ಹತ್ತುತ್ತಿವೆ. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಬಾರದೇ?

ಗಬ್ಬೂರಿಗೆ ಹೋಗುವಾಗ ಗೀತಾಳನ್ನು ಜೊತೆಗೆ ಕರೆದುಕೊಂಡು ಹೋಗು. ದೂರ ನಿಂತು ಓಣಿ ತೋರಿಸಿ ಬರಲಿ. ಹೊಸ ಬಡಾವಣೆಗಳಲ್ಲಿ ನನಗಂತೂ ನನ್ನ ಮಗಳ ಮನೆಯೇ ಸಿಗುವುದಿಲ್ಲ.

ನಿನ್ನ ಸುಲಭಾ


ಹಳೇ ಹುಬ್ಬಳ್ಳಿ
11 ಡಿಸೆಂಬರ್ 2023

ಸುಲಭಾ,

ಪೆನ್ನು ಕೆಟ್ಟದ್ದು. ಹನಮೇಶ ತರುವ ಪೆನ್ನುಗಳೆಲ್ಲ ಕೆಟ್ಟವು. ಕಣ್ಣಿನ ಮಾತು ಮತ್ತೊಮ್ಮೆ ಎತ್ತಬೇಡ.

ಮನೆ ನೋಡಿ ಬಂದೆ. ಒಬ್ಬಳೇ ಹೋಗಿದ್ದೆ. ಮದುವೆಯ ಹುಡುಗಿಯನ್ನು ಕಟ್ಟಿಕೊಂಡು ಹೋಗಲು ಇದೇನು ನಾಟಕದ ಕಂಪನಿಯೇ? ನನ್ನ ರೀತಿ ನಿನಗೆ ಗೊತ್ತು. ಹೇಳದೆ ಹೋಗಬೇಕು, ಹೆಸರು ಹೇಳಬಾರದು, ಅವರ ಹೆಸರು ಕೇಳಬಾರದು. ಇಂಥವಳು ಬಂದಿದ್ದಾಳೆಂದು ತಿಳಿದರೆ ಎಲ್ಲ ಮನೆಗಳೂ ದೇವಸ್ಥಾನಗಳೇ. ದಾರಿಯಲ್ಲಿ ಹೋಗುವವಳು ಬಾಯಾರಿ ನೀರು ಕೇಳಿದಳು, ಅಷ್ಟೇ. ನೀರು ಕೊಡುವ ರೀತಿಯಲ್ಲಿ ಮನೆ ಇರುತ್ತದೆ.

ಅವರ ಓಣಿಗೆ ನೀರು ಬಿಡುವ ದಿನವನ್ನೇ ಆರಿಸಿಕೊಂಡೆ. ಈ ಊರಲ್ಲಿ ನಳಕ್ಕೆ ನೀರು ಬಂದ ದಿನ ಹೆಂಗಸರಿಗೆ ಒಳ್ಳೆಯವರಂತೆ ನಟಿಸಲು ಪುರಸೊತ್ತಿರುವುದಿಲ್ಲ. ಬೈಪಾಸಿನ ಹತ್ತಿರ ಬಸ್ಸಿಳಿದು ಪಂಕ್ಚರ್ ತಿದ್ದುವ ಬಡೇಸಾಬನ ಅಂಗಡಿಯಲ್ಲಿ ವಿಚಾರಿಸಿದೆ.

"ಗಿರಿಯಪ್ಪ ಮಾಸ್ತರ ಮನಿ ಏನ್ರಿ ಅಮ್ಮಾರ? ಈ ಓಣ್ಯಾಗ ಸೀದಾ ಹೋಗ್ರಿ, ನೀಲಿ ಗೇಟ್ ಐತಿ. ನಾ ಬಂದು ತೋರಸ್ಲೇನು?"

"ನನಗ ಕಾಲ ಅದಾವ," ಎಂದೆ.

"ಕಾಲ ಅದಾವ ಖರೇರಿ, ಬಿಸಲ ಭಾಳ ಐತಿ," ಎಂದ. ಮಾತು ಬಲ್ಲವನು.

ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರೆದ ಇಟ್ಟಿಗೆಯಂತೆ. ನೀಲಿ ಗೇಟು ಸಿಕ್ಕಿತು. ಒಳಗೆ ಕೊಡ, ಬಕೆಟ್ಟು, ಡ್ರಮ್ಮು, ಪೈಪು, ಕಾಲಿಡಲು ಜಾಗವಿಲ್ಲ. ಒಬ್ಬಳು ಸೀರೆ ಎತ್ತಿಕಟ್ಟಿಕೊಂಡು ಬಂದಳು. ಹಿರಿಯ ಸೊಸೆ ಇರಬೇಕು.

"ಯಾರ ಬೇಕ್ರಿ?"

"ಯಾರೂ ಬ್ಯಾಡವಾ. ಹಾದಿ ಹಿಡದ ಹೊಂಟಿದ್ದೆ. ಒಂದ ತಂಬಗಿ ನೀರ ಕೊಡು."

"ಇವತ್ತ ನಳ ಬಂದೈತಿ, ನಾ ಎಲ್ಲಿ ತಂಬಗಿ ಹುಡಕ್ಲಿ? ಈ ಬಾಟ್ಲಿ ತಗೋರಿ. ಕುಡದು ಅಲ್ಲೇ ಕಟ್ಟಿ ಮ್ಯಾಲ ಇಡ್ರಿ."

ಪ್ಲಾಸ್ಟಿಕ್ ಬಾಟಲಿ, ಸುಲಭಾ. ಕೂಡ್ರಿ ಎನ್ನಲಿಲ್ಲ. ನೀರಿನ ಜೊತೆ ಒಂದು ಚೂರು ಬೆಲ್ಲವಿಲ್ಲ. ನಮ್ಮ ಮನೆಯಲ್ಲಿ ಹಮಾಲರಿಗೂ ಬೆಲ್ಲ ಕೊಟ್ಟೇ ನೀರು ಕೊಡುತ್ತೇವೆ. ನಾನು ಮಾತಾಡುತ್ತ ಅಡಿಗೆಮನೆಯ ಬಾಗಿಲತನಕ ಹೋದೆ.

"ಅಯ್ಯ, ಎಲ್ಲಿ ಹೊಂಟ್ರಿ ಅಜ್ಜೀ? ಕಾಲ ಹಸಿ ಅದಾವ!"

"ರೊಟ್ಟಿ ಹಂಚು ಕಾಣವಲ್ದಲ್ಲ?"

"ರೊಟ್ಟಿ ಕೊಂಡ ತರ್ತೇವಿ. ಯಾರ ಬಡೀತಾರ ದಿನಾ? ನೀವು ಯಾರು ಅನ್ನೂದರ ಹೇಳ್ರಿ ಮೊದ್ಲ."

ಅಷ್ಟು ಸಾಕಾಗಿತ್ತು. ಹೊರಗೆ ಬಂದೆ. ನನ್ನ ಬೆನ್ನ ಹಿಂದೆ ಚಿಲಕ ಹಾಕಿದ ಸದ್ದು ಕೇಳಿತು. ಮಾಸ್ತರರ ಮನೆಯಂತೆ! ಕೊಂಡ ರೊಟ್ಟಿ, ಬಾಟಲಿ ನೀರು, ಬಂದವರ ಬೆನ್ನಿಗೆ ಚಿಲಕ. ಅದರ ಮೇಲೆ "ಅಜ್ಜಿ" ಬೇರೆ. ನನ್ನನ್ನು ಅಜ್ಜಿ ಎನ್ನಲು ಅವಳೇನು ನನ್ನ ಮಗನಿಗೆ ಹುಟ್ಟಿದವಳೇ?

ಮನೆಗೆ ಬಂದು ಎಲ್ಲರೂ ಉಣ್ಣಲು ಕುಳಿತಾಗ ಹೇಳಿದೆ, "ಆಗೂದಿಲ್ಲ." ಹನಮೇಶ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಮಗಳ ಮುಖ ನೋಡಿದ. ಗೀತಾ, "ರೊಟ್ಟಿ ಕೊಂಡ ತರ್ತಾರಂತ?" ಎಂದು ಕೇಳಿದಳು. ಹೌದೆಂದೆ. "ಗೇಟ್ ಯಾವ ಬಣ್ಣದ್ದಿತ್ತು ಆಯಿ?" ಎಂದಳು. ನೀಲಿ ಎಂದೆ. ಹೂಂ ಎಂದು ಎದ್ದು ಕೈ ತೊಳೆದುಕೊಂಡಳು. ಅಳಲಿಲ್ಲ, ವಾದ ಮಾಡಲಿಲ್ಲ. ಮರುದಿನ ಹನಮೇಶ ಗಬ್ಬೂರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದು ಹೇಳಿದ. ಸದ್ಯಕ್ಕೆ ಎನ್ನುವ ಮಾತು ನನ್ನದಲ್ಲ, ಅವನದು. ಅವನಿಗೆ ಯಾವ ಮಾತನ್ನೂ ಪೂರ್ತಿ ಹೇಳಲು ಬರುವುದಿಲ್ಲ.

ಸಾವಕ್ಕ


ಸೊಲ್ಲಾಪುರ
27 ಡಿಸೆಂಬರ್ 2023

ಅಕ್ಕಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಏನು ಬರೆಯಬೇಕೆಂದು ತಿಳಿಯದೆ ಕುಳಿತಿದ್ದೆ. ಇಲ್ಲಿ ಚಳಿ ಜೋರಾಗಿದೆ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ನಡೆದಿದೆ. ಸಂಕ್ರಾಂತಿಗೆ ಎಳ್ಳು ಹುರಿಯಬೇಕು.

ಮನೆಯ ವಿಷಯ. ನೀರು ಬಂದ ದಿನ ಯಾವ ಹೆಂಗಸು ನೆಟ್ಟಗೆ ಮಾತಾಡುತ್ತಾಳೆ ಹೇಳು? ನಾನಾಗಿದ್ದರೆ ಬಾಟಲಿಯನ್ನೂ ಕೊಡುತ್ತಿರಲಿಲ್ಲ. ಇನ್ನೊಮ್ಮೆ ಹೋಗಿ ಬರಬಾರದೇ? ಈ ಸಲ ಗೀತಾಳ ಜೊತೆಗೆ ಹೋಗು. ಗೇಟಿನ ಬಣ್ಣವನ್ನೂ ಒಮ್ಮೆ ಸರಿಯಾಗಿ ನೆನಪು ಮಾಡಿಕೊ. ಆ ಓಣಿಯಲ್ಲಿ ಬೇರೆ ಬಣ್ಣದ ಗೇಟುಗಳೂ ಇರಬಹುದು.

ಗೀತಾ ಚೆನ್ನಾಗಿದ್ದಾಳೆಯೇ? ಸರಿಯಾಗಿ ಉಣ್ಣುತ್ತಿದ್ದಾಳೆಯೇ?

ನಿನ್ನ ಸುಲಭಾ


ಹಳೇ ಹುಬ್ಬಳ್ಳಿ
5 ಜನವರಿ 2024

ಸುಲಭಾ,

ಗೇಟಿನ ಬಣ್ಣ ನೆನಪು ಮಾಡಿಕೊಳ್ಳಬೇಕಂತೆ! ನಿನ್ನ ಬುದ್ಧಿ ಯಾವ ದಾರಿಯಲ್ಲಿ ಹೊರಟಿದೆ ಎಂದು ನನಗೆ ಗೊತ್ತಾಗುತ್ತದೆ. ಗೇಟು ಬೇರೆ ಬಣ್ಣದ್ದಾಗಿದ್ದರೆ ಕೊಂಡ ರೊಟ್ಟಿ ಬಿಸಿಯಾಗುತ್ತಿತ್ತೇ? ಹುಡುಗ ಹುಡುಗಿ ಒಪ್ಪಿದ್ದಾರೆಂದು ಕೇಳಿ ನೀನು ಕರಗಿದ್ದೀ. ನೀನು ಹುಟ್ಟಾ ಹಾಗೆಯೇ. ಸಾಲಿಯಲ್ಲಿ ನಾಟಕ ನೋಡಿ ಅಳುತ್ತಿದ್ದವಳು.

ಗೀತಾ ಚೆನ್ನಾಗಿ ಉಣ್ಣುತ್ತಾಳೆ. ಕೆಲಗೇರಿಯ ಶಾಲೆಗೆ ಹೋಗಿ ಗಣಿತ ಹೇಳಿ ಬರುತ್ತಾಳೆ, ಬಂದು ನನ್ನ ಪಕ್ಕದಲ್ಲಿ ಕೂಡುತ್ತಾಳೆ. ಗಬ್ಬೂರಿನ ಮಾತು ಒಂದು ದಿನವೂ ಎತ್ತಿಲ್ಲ. ಇದಕ್ಕೆ ಸಂಸ್ಕಾರ ಎನ್ನುತ್ತಾರೆ. ನಾನು ಒಲ್ಲೆ ಎಂದರೆ ಒಲ್ಲೆ ಎಂದು ತಿಳಿದುಕೊಂಡಿದ್ದಾಳೆ. ಗಿರಿಯಪ್ಪ ಮಾಸ್ತರರು ಸಂಕ್ರಾಂತಿ ಮುಗಿದ ಮೇಲೆ ನವಲಗುಂದಕ್ಕೆ ಹೆಣ್ಣು ನೋಡಲು ಹೋಗುತ್ತಾರೆಂದು ಯಾರೋ ಹೇಳಿದರು. ಹೋಗಲಿ. ಆ ಹುಡುಗಿ ಬಾಟಲಿಯಲ್ಲಿ ನೀರು ಕುಡಿಯಲಿ.

ಉಳಿದವರ ಗತಿ ಕೇಳು. ಮನೆಯಲ್ಲಿ ಎಲ್ಲರಿಗೂ ಹೊಸ ಹೊಸ ರೋಗ ಬಂದಿದೆ. ಸೊಸೆ ಮೆಟ್ಟಿಲುಗಳ ಅಂಚಿಗೆಲ್ಲ ಬಿಳಿ ಬಣ್ಣ ಬಳಿಸಿದ್ದಾಳೆ, ಆಸ್ಪತ್ರೆಯಂತೆ ಕಾಣುತ್ತದೆ. ಸಾನ್ವಿ ನನಗೆ ಬಡಿಸುವಾಗ, "ಎಡಕ್ಕ ಪಲ್ಯೆ, ಬಲಕ್ಕ ಶೇಂಗಾ ಚಟ್ನಿ, ನಡಬರಕ ರೊಟ್ಟಿ," ಎಂದು ಹೇಳಿಯೇ ಬಡಿಸುತ್ತಾಳೆ. ಇದೆಲ್ಲಿಯ ಫ್ಯಾಶನ್? ಖಾನಾವಳಿಯಲ್ಲಿ ಕೆಲಸಕ್ಕೆ ಸೇರುವ ತಯಾರಿಯೇ ಎಂದು ಕೇಳಿದೆ. "ಹೂಂ ಆಯಿ, ಗಿರಾಕಿ ನೀ ಒಬ್ಬಾಕಿನ," ಎಂದಳು. ನಾಲಿಗೆ ಮಾತ್ರ ಮೈಗಿಂತ ಬೇಗ ಬೆಳೆದಿದೆ.

ಇನ್ನು ಮುಂದೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆ. ನಿನ್ನ ಬರಹ ಇರುವೆ ಸಾಲಿನಂತಿದೆ.

ಸಾವಕ್ಕ


ಸೊಲ್ಲಾಪುರ
19 ಜನವರಿ 2024

ಅಕ್ಕಾ,

ಸಂಕ್ರಾಂತಿಯ ಕುಸುರೆಳ್ಳು ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ಎಳ್ಳು ತಿಂದು ಒಳ್ಳೆಯ ಮಾತಾಡು ಎಂದು ಇವತ್ತು ನಾನು ನಿನಗೆ ಹೇಳುವುದಿಲ್ಲ, ಯಾಕೆಂದರೆ ನಾನೇ ಕಹಿ ಮಾತು ಬರೆಯಬೇಕಾಗಿದೆ.

ನೀನು ಹೋದದ್ದು ಗಿರಿಯಪ್ಪ ಮಾಸ್ತರರ ಮನೆಗಲ್ಲ. ಪಕ್ಕದ ಮನೆಗೆ. ಆ ಮನೆಯ ಗೇಟು ಹಸಿರು. ಅಲ್ಲಿ ಬಾಡಿಗೆಗೆ ಇರುವ ಹೆಂಗಸು ಅಂದು ಸಂಜೆಯೇ ಮುತ್ತುವಿನ ತಾಯಿಯ ಮುಂದೆ ಹೇಳಿದಳಂತೆ, "ಯಾರೋ ಮುದುಕಿ ಬಂದಿದ್ಲರಿ, ನೀರ ಕೇಳಿ ಅಡಗಿಮನಿ ತನಕಾ ಬಂದ್ಲು. ಕಳ್ಳಿ ಇರಬೇಕಂತ ಚಿಲಕಾ ಹಾಕ್ಕೊಂಡೆ." ಅದನ್ನು ಮುತ್ತು ಗೀತಾಳಿಗೆ ಹೇಳಿದ. ಗೀತಾ ನನ್ನ ಮೊಮ್ಮಗನ ಫೋನಿಗೆ ಬರೆದು ನನಗೆ ತಿಳಿಸಿದಳು. "ಆಯಿಗೆ ಹೇಳಬ್ಯಾಡ್ರಿ. ಎಲ್ಲಾರ ಮುಂದ ಸಣ್ಣಾಕಿ ಆಗ್ತಾಳ. ತಾನ ತಿಳಕೊಂಡು ಇನ್ನೊಮ್ಮಿ ಹೋಗ್ತಾಳ," ಎಂದು ಬರೆದಿದ್ದಳು. ಅದಕ್ಕೇ ನಾನು ಸುತ್ತುಬಳಸಿ ಬರೆದೆ. ನಿನಗೆ ಸುತ್ತುಬಳಸಿನ ಮಾತು ಎಂದೂ ತಿಳಿದಿಲ್ಲ ಎಂಬುದನ್ನು ಮರೆತಿದ್ದೆ.

ಮಾತು ಹಿಂದಕ್ಕೆ ತೆಗೆದುಕೊಂಡರೆ ನಿನಗೇನು ಹೋಗುತ್ತದೆ ಎಂದು ನನಗೆ ಗೊತ್ತು. ಮನೆ ತಪ್ಪಿದವಳನ್ನು ಮನೆ ನೋಡಲು ಯಾರು ಕರೆಯುತ್ತಾರೆ? ಭಾವ ಹೋದ ಮೇಲೆ ಆ ಒಂದು ಕರೆಯ ಮೇಲೆ ನೀನು ತಲೆಯೆತ್ತಿ ನಿಂತಿದ್ದೀ. ಆದರೆ ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಗೀತಾ ಬಾಯಿ ಬಿಡುವುದಿಲ್ಲ. ನವಲಗುಂದದ ಸಂಬಂಧ ಕೂಡಿಬರುತ್ತದೆ, ನಮ್ಮ ಹುಡುಗಿ ನೀನು ಹೇಳಿದ ಕಡೆ ತಲೆ ಬಗ್ಗಿಸಿಕೊಂಡು ಹೋಗುತ್ತಾಳೆ. ಅದನ್ನು ಸಂಸ್ಕಾರ ಎಂದು ಕರೆಯಬೇಡ ಅಕ್ಕಾ. ಅವಳು ನಿನ್ನನ್ನು ಕಾಯುತ್ತಿದ್ದಾಳೆ.

ಬೈದು ಬರೆ. ಆದರೆ ಬರೆ.

ನಿನ್ನ ಸುಲಭಾ


ಸೊಲ್ಲಾಪುರ
14 ಫೆಬ್ರುವರಿ 2024

ಅಕ್ಕಾ,

ಎಳ್ಳು ಮುಟ್ಟಿತೋ ಇಲ್ಲವೋ ಎಂದಾದರೂ ಒಂದು ಕಾರ್ಡು ಹಾಕು. ಗೀತಾಳನ್ನು ಕೇಳಿದರೆ "ಆಯಿ ಆರಾಮ ಅದಾಳ, ಮಾತಾಡೂದಿಲ್ಲ ಅಷ್ಟ," ಎಂದು ಬರೆಯುತ್ತಾಳೆ. ನೀನು ಮಾತಾಡದ ಮನೆಯನ್ನು ನನಗೆ ಊಹಿಸಿಕೊಳ್ಳಲೂ ಆಗುತ್ತಿಲ್ಲ.

ಸುಲಭಾ


ಹಳೇ ಹುಬ್ಬಳ್ಳಿ
3 ಮಾರ್ಚ್ 2024

ಸುಲಭಾ,

ಎಳ್ಳು ಮುಟ್ಟಿತು. ಸೀದುಹೋಗಿತ್ತು.

ನಿನ್ನ ಪತ್ರ ಓದಿದವಳು ನಾನಲ್ಲ. ದೊಡ್ಡ ಅಕ್ಷರದಲ್ಲಿ ಬರೆ ಎಂದರೂ ಇರುವೆಗಳನ್ನೇ ಬಿಟ್ಟಿದ್ದೀ. ನಾನು ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಗೀತಾಳನ್ನು ಕರೆದು, "ಓದು, ನನ್ನ ಕೈ ಖಾಲಿ ಇಲ್ಲ," ಎಂದೆ. ಕುಸುರೆಳ್ಳಿನ ಸಾಲು ಓದಿದಳು. ಆಮೇಲೆ ಓದುವುದನ್ನು ನಿಲ್ಲಿಸಿದಳು.

"ಯಾಕ, ಮಸಿ ತೀರೇತೇನು?"

"ಆಯಿ, ಆಮ್ಯಾಲ ಓದ್ಲೇನು?"

"ಈಗ ಓದು."

ಓದಿದಳು. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಧ್ವನಿಯಲ್ಲಿ ಓದಿದಳು. ಮುದುಕಿ ಎನ್ನುವುದನ್ನು ಬಿಡಲಿಲ್ಲ, ಕಳ್ಳಿ ಎನ್ನುವುದನ್ನೂ ಬಿಡಲಿಲ್ಲ. ತನ್ನ ಬಗ್ಗೆ ನೀನು ಬರೆದದ್ದನ್ನು ಓದುವಾಗ ಮಾತ್ರ ಧ್ವನಿ ಸ್ವಲ್ಪ ಕೆಳಗಿಳಿಯಿತು. ಮಡಚಿ ನನ್ನ ಮಡಿಲಲ್ಲಿಟ್ಟಳು. ನಾನು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳನ್ನು ಸಿಪ್ಪೆಯಲ್ಲಿ, ಸಿಪ್ಪೆಯನ್ನು ಕಾಳಿನಲ್ಲಿ ಹಾಕುತ್ತಿದ್ದೇನೆಂದು ಆಮೇಲೆ ತಿಳಿಯಿತು.

"ಮತ್ತ ಯಾರ್ಯಾರಿಗೆ ಗೊತ್ತೈತಿ?" ಎಂದು ಕೇಳಿದೆ.

"ಎಲ್ಲಾರಿಗೂ, ಆಯಿ."

ಎಲ್ಲರಿಗೂ. ನಾನು ಕೊರೆದ ಹೆಸರುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವಂತೆ. ಹನಮೇಶ ಆ ಭಾಂಡೆಗಳನ್ನು ಬದಿಗಿಟ್ಟು, ನಾನು ಮನೆಗೆ ಹೋದ ಮೇಲೆ ಹೊಸ ಭಾಂಡೆಗಳ ಮೇಲೆ ಮತ್ತೆ ಕೊರೆದು ಕೊಡುತ್ತಿದ್ದನಂತೆ. ಶಾಕಿನ ಕತೆ ಕಟ್ಟಿದ್ದು ಆಮೇಲೆ. ಮೆಟ್ಟಿಲಿಗೆ ಸೊಸೆ ಬಣ್ಣ ಬಳಿಸಿದ್ದು ನನಗಾಗಿ. ಎಡಕ್ಕ ಪಲ್ಯೆ, ಬಲಕ್ಕ ಚಟ್ನಿ. ಆ ಟೊಳ್ಳು ಬಿದಿರು ಸಾನ್ವಿ ಕೂಡ ನನ್ನ ತಟ್ಟೆಯಲ್ಲಿ ದಿಕ್ಕು ತೋರಿಸುತ್ತಿದ್ದಳು.

ಈ ಮನೆಯ ಹುಡುಗರು ಮೊದಲೂ ನನಗೆ ಸುಳ್ಳು ಹೇಳುತ್ತಿದ್ದರು. ಹನಮೇಶ ಉಪ್ಪಿನಕಾಯಿ ಕದ್ದು ತಿಂದು, ತುಟಿಯ ಮೇಲೆ ಖಾರ ಅಂಟಿಸಿಕೊಂಡು, ಇಲ್ಲ ಎನ್ನುತ್ತಿದ್ದ. ಹೆದರಿ ಹೇಳುತ್ತಿದ್ದ ಸುಳ್ಳು ಅದು. ಅದನ್ನು ಹಿಡಿದು ಬಾರಿಸುವುದರಲ್ಲಿ ನನಗೂ ಒಂದು ಸುಖವಿತ್ತು. ಈಗ ಎಲ್ಲರೂ ಸೇರಿ ನನ್ನ ಕಣ್ಣಿಗೆ ಕನಿಕರದ ಪಟ್ಟಿ ಕಟ್ಟಿದ್ದಾರೆ. ಸಾನ್ವಿ ನನ್ನ ತಲೆಯ ಮೇಲೆ ಕೈ ಹಿಡಿದಾಗ ನಾನು ಮುದುಕಿಯಾಗಿರಲಿಲ್ಲ. ಆ ಗಬ್ಬೂರಿನವಳು ಅಜ್ಜಿ ಎಂದಾಗಲೂ ಆಗಿರಲಿಲ್ಲ. ಇವರು ನನ್ನ ತಪ್ಪನ್ನು ಮುಚ್ಚಲು ಕಲಿತಾಗ ಆದೆ. ಎಷ್ಟು ದಿನದಿಂದ ಕಲಿತಿದ್ದಾರೋ, ನನಗೆ ಅದೂ ಗೊತ್ತಿಲ್ಲ.

ಆಮೇಲೆ ನಾನು ಮಾತು ಬಿಟ್ಟೆ. ಅದೂ ಸುಲಭವೇ ಆಗಿತ್ತು, ಅವರೆಲ್ಲ ನನ್ನ ಮೌನಕ್ಕೂ ದಾರಿ ಬಿಟ್ಟುಕೊಟ್ಟರು. ನಾನು ಹಾಗೆಯೇ ಕುಳಿತಿದ್ದರೆ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಗಿರಿಯಪ್ಪ ಮಾಸ್ತರರು ನವಲಗುಂದಕ್ಕೆ ಹೋಗಿ ಹುಡುಗಿಯನ್ನು ನೋಡಿ ಬಂದರು, ಇನ್ನು ಒಪ್ಪಿಗೆ ಹೇಳುವುದೊಂದು ಉಳಿದಿದೆ ಎಂದು ಸುದ್ದಿ ಬಂತು. ಅಂದು ಗೀತಾ ಎಂದಿನಂತೆ ಶಾಲೆಯಿಂದ ಬಂದು ನನ್ನ ಪಕ್ಕ ಕುಳಿತು, "ಚಹಾ ಕುಡೀತಿಯೇನ ಆಯಿ?" ಎಂದು ಕೇಳಿದಳು. ಇಷ್ಟು ಸೋಲನ್ನು ಇಷ್ಟು ನೆಟ್ಟಗೆ ಕುಳಿತು ನುಂಗುವುದನ್ನು ಅವಳಿಗೆ ಯಾರು ಕಲಿಸಿದರು? ನನಗೆ ಸಿಟ್ಟು ಬಂತು. ನನ್ನ ಗುಣ ಇನ್ನೊಬ್ಬರ ಮೈಮೇಲೆ ಅಷ್ಟು ಚೆಂದ ಕಾಣುವುದಿಲ್ಲ.

ಎದ್ದು ಅಂಗಡಿಗೆ ಹೋದೆ. ಗಿರಾಕಿಗಳು ತುಂಬಿದ್ದರು. ಹುಸೇನಬಿ ಮಗಳ ಮದುವೆಗೆಂದು ಡಬರಿ, ಪರಾತ ಆರಿಸುತ್ತಿದ್ದಳು. ಮನೆಯಲ್ಲಿ ಹೇಳಿದ್ದರೆ ಇವರು ಅದನ್ನೂ ಮುಚ್ಚಿಬಿಡುತ್ತಿದ್ದರು. ಅದಕ್ಕೇ ಎಲ್ಲರಿಗೂ ಕೇಳುವಂತೆ ಹೇಳಿದೆ.

"ಹನಮೇಶಾ, ನಾ ಗಬ್ಬೂರಾಗ ತಪ್ಪು ಮನಿ ನೋಡಿ ಬಂದೇನಿ. ನನಗ ಕಣ್ಣ ಕಾಣೂದಿಲ್ಲ. ಮಾಸ್ತರಿಗೆ ಫೋನ್ ಹಚ್ಚು."

"ಅವ್ವಾ, ಮನ್ಯಾಗ ಮಾತಾಡೋಣು..."

"ಇಲ್ಲೇ ಹಚ್ಚು."

ಹುಸೇನಬಿ ಡಬರಿ ಕೆಳಗಿಟ್ಟು, "ಅಯ್ಯ ಸಾವಕ್ಕಾರ, ಕಣ್ಣ ಹೋದ್ರ ಏನಾತು? ಬಾಯಿ ಐತೆಲ್ಲ ಗಟ್ಟಿ," ಎಂದಳು. ಅಂಗಡಿಯೆಲ್ಲ ನಕ್ಕಿತು. ಬಹಳ ದಿನಗಳ ನಂತರ ನನ್ನ ಎದುರಿಗೇ ಯಾರೋ ನಕ್ಕರು. ಅವಳಿಗೆ ಬೆಲೆಯಲ್ಲಿ ಒಂದು ಪೈಸೆಯನ್ನೂ ಬಿಡಬೇಡ ಎಂದೆ.

ಮಾಸ್ತರರು ಬನ್ನಿ ಎಂದರು. ಮರುವಾರ ಗೀತಾ ಸ್ಕೂಟಿಯಲ್ಲಿ ಕರೆದುಕೊಂಡು ಹೋದಳು. ಗಾಡಿ ಓಡಿಸುತ್ತಾಳೋ ಎಮ್ಮೆ ಅಟ್ಟುತ್ತಾಳೋ ತಿಳಿಯಲಿಲ್ಲ. ಮುತ್ತುವಿನ ತಾಯಿ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ನಮಸ್ಕಾರ ಮಾಡಿದಳು. ಹೇಳಿ ಹೋದ ಮೇಲೆ ಇದನ್ನೆಲ್ಲ ಯಾರು ಬೇಕಾದರೂ ಮಾಡುತ್ತಾರೆ. ಅವಳು ಬಡಿದ ರೊಟ್ಟಿ ದಪ್ಪ. ಹುಡುಗನ ಕಿವಿ ದೊಡ್ಡವು, ಅದಷ್ಟು ನನಗೂ ಕಂಡಿತು. ಆಗಬಹುದು ಎಂದೆ. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡೆ. ಮೆಟ್ಟಿಲು ಬಂದಾಗ ಮತ್ತೆ ಹಿಡಿಯಬೇಕಾಯಿತು.

ಸಾವಕ್ಕ


ಹಳೇ ಹುಬ್ಬಳ್ಳಿ
16 ಏಪ್ರಿಲ್ 2024

ಸುಲಭಾ,

ಎರಡೂ ಕಣ್ಣಿನ ಪೊರೆ ತೆಗೆದರು. ಡಾಕ್ಟರು ಸಾನ್ವಿಗಿಂತ ಸ್ವಲ್ಪ ದೊಡ್ಡವನಿರಬೇಕು. "ಇಷ್ಟ ದಿನಾ ಯಾಕ ತಡಾ ಮಾಡಿದ್ರಿ?" ಎಂದು ಕೇಳಿದ. "ನೀ ಕಲತು ಮುಗಿಸ್ಲಿ ಅಂತ," ಎಂದೆ.

ಈಗ ಎಲ್ಲ ಕಾಣುತ್ತದೆ. ಕಾಣಬೇಕಾದದ್ದಕ್ಕಿಂತ ಹೆಚ್ಚೇ ಕಾಣುತ್ತದೆ. ಪಟ್ಟಿ ಬಿಚ್ಚಿದ ದಿನ ಎದುರಿಗೆ ನಿನ್ನ ಭಾವನ ಅಣ್ಣನಂಥ ಒಬ್ಬ ಮುದುಕ ನಿಂತಿದ್ದ. ಅರ್ಧ ತಲೆ ಬೆಳ್ಳಗೆ, ಗಲ್ಲ ಜೋತುಬಿದ್ದಿದೆ. "ಅವ್ವಾ, ಕಾಣಸ್ತೈತಿ?" ಎಂದಾಗ ಹನಮೇಶನೆಂದು ತಿಳಿಯಿತು. ಇವನು ಮುದುಕನಾಗುತ್ತಿದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ. ಇವನನ್ನು ನಾನು ಇನ್ನೂ ಉಪ್ಪಿನಕಾಯಿ ಕದಿಯುವವನೆಂದೇ ಬೈಯುತ್ತಿದ್ದೆ. "ಕಾಣಸ್ತೈತಿ. ತಲಿಗೆ ಎಣ್ಣಿ ಹಚ್ಕೋ," ಎಂದೆ. 

ಗೀತಾಳ ಅಕ್ಷತೆ ಇದೇ ತಿಂಗಳು ಇಪ್ಪತ್ತೆಂಟಕ್ಕೆ. ಬರುವಾಗ ಕಿವಿಯ ಮಷೀನನ್ನು ಡಬ್ಬಿಯಲ್ಲಿಡದೆ ಕಿವಿಗೆ ಹಾಕಿಕೊಂಡು ಬಾ. ನಾನು ಮಂಟಪದಲ್ಲಿ ಕೂಗಾಡುವವಳಲ್ಲ.

ನಿನ್ನೆ ಮನೆಯ ಫೋನು ಬಡಿಯಿತು. ನಾನೇ ಎತ್ತಿದೆ. ನನ್ನ ಮೈದುನನ ಸೊಸೆ. ಅವಳ ಮಗಳು ಧನಶ್ರೀಗೆ ಕೆಲಗೇರಿಯ ಕಡೆ ಒಂದು ಸಂಬಂಧ ಬಂದಿದೆಯಂತೆ. ಮನೆ ನೋಡಬೇಕಂತೆ. ನನಗೆ ಮತ್ತೆ ಕಣ್ಣು ಕಾಣುತ್ತಿರುವುದು ಅವಳಿಗೆ ಗೊತ್ತು. ಪಟ್ಟಿ ಬಿಚ್ಚಿದ ಮರುದಿನ ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದವಳೇ. ನಾನು ಎಂದು ಹೋಗಬೇಕು, ಆ ಕಡೆ ನೀರು ಯಾವ ವಾರ ಬಿಡುತ್ತಾರೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ.

"ಅತ್ತಿಯಾರ, ಗೀತಾ ಅದಾಳೇನ್ರಿ? ಸ್ವಲ್ಪ ಆಕಿ ಕೈಯಾಗ ಕೊಡ್ರಿ," ಎಂದಳು.

ಕೊಟ್ಟೆ.

ಹುಡುಗಿ ನಿಂತುಕೊಂಡೇ ಮಾತಾಡಿದಳು. ಮನೆ ನಂಬರು ಕೇಳಿದಳು, ಹುಡುಗನ ತಾಯಿಗೆ ಏನು ಕೆಲಸವೆಂದು ಕೇಳಿದಳು, ಹುಡುಗನ ಅಕ್ಕ ತಂಗಿಯರು ತೌರಿಗೆ ಬಂದರೆ ಎಷ್ಟು ದಿನ ಇರುತ್ತಾರೆ ಎಂದು ಕೇಳಿದಳು. ಕೊನೆಯ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. ಹೆಣ್ಣುಮಕ್ಕಳು ತೌರಿನಲ್ಲಿ ಉಳಿಯುವ ಮನೆ ಸೊಸೆಗೂ ಉಸಿರಾಡಲು ಬಿಡುತ್ತದೆ. ಇದನ್ನು ನಾನು ಅವಳ ಮುಂದೆ ಹೇಳಿಲ್ಲ, ನೀನೂ ಹೇಳಬೇಡ. ಹೊಗಳಿದರೆ ಹುಡುಗರು ಕೆಡುತ್ತಾರೆ. ಕೊನೆಗೆ ಅವಳು, "ಹೂಂರಿ ಚಿಗವ್ವ, ಆಯಿನ್ನ ಕರ್ಕೊಂಡ ಬರ್ತೇನಿ," ಎಂದು ಫೋನ್ ಇಟ್ಟಳು.

ಕರೆದುಕೊಂಡು ಬರುತ್ತಾಳಂತೆ. ಶ್ರಾವಣದ ಜಾತ್ರೆಗೆ, ಆಸ್ಪತ್ರೆಗೆ, ಸಾಲಿಗೆ, ಅವಳನ್ನು ಎಲ್ಲ ಕಡೆಗೆ ಕರೆದುಕೊಂಡು ಹೋದವಳು ನಾನು. ಸೆರಗು ಹಿಡಿದುಕೊಂಡು ಹಿಂದೆ ಹಿಂದೆ ಓಡಿಬರುತ್ತ, ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದಳು. ಈಗ ಫೋನಿನ ಹತ್ತಿರ ನಿಂತು, ಏನೋ ಬರೆದುಕೊಳ್ಳುತ್ತ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಒಳ್ಳೆಯ ಚುಚ್ಚುಮಾತೊಂದು ನಾಲಿಗೆಯ ತುದಿಗೆ ಬಂದಿತ್ತು, ಅವಳು ಒಂದು ವಾರ ಮರೆಯದಂಥದ್ದು.

"ಯಾವಾಗ ಹೋಗೂದು?" ಎಂದು ಕೇಳಿದೆ.

ಸಾವಕ್ಕ